ಇಸಬಗೋಲಿನ ಹೊಟ್ಟೆ

ಶುಭಾಳ ಅಡುಗೆಮನೆಯಲ್ಲಿ ಇಸಬಗೋಲಿನ ಡಬ್ಬಿಗಳು ಎರಡಿದ್ದವು. ಒಂದು ಮನೆಯವರ ಹೊಟ್ಟೆ ಸರಿಯಾಗಲೆಂದು, ಇನ್ನೊಂದು ಮನೆಯವರ ಕೆಲಸ ಸರಿಯಾಗಲೆಂದು. ಮೊದಲನೆಯದು ತಿಂಗಳಿಗೊಮ್ಮೆ ಖಾಲಿಯಾದರೆ ಎರಡನೆಯದು ವಾರಕ್ಕೊಮ್ಮೆ ಖಾಲಿಯಾಗುತ್ತಿತ್ತು. ನಾಸಿಕ್ ರೋಡಿನ ಔಷಧದ ಅಂಗಡಿಯವನು ಅವಳ ಮುಖ ಕಂಡ ಕೂಡಲೇ, ಕೇಳದೆಯೇ, ಪೊಟ್ಟಣ ತೆಗೆದು ಮುಂದಿಡುತ್ತಿದ್ದ. ಆ ಮನೆಯ ಯಜಮಾನನ ಬಗ್ಗೆ ಅವನು ಏನೆಂದುಕೊಂಡಿದ್ದನೋ ದೇವರೇ ಬಲ್ಲ.

ಕೆಲಸದ ಇಸಬಗೋಲಿನ ಕಥೆ ಹೀಗೆ. ಎರಡು ಲೀಟರ್ ನೀರಿಗೆ ಚೈನಾ ಗ್ರಾಸ್ ಹಾಕಿ ಕುದಿಸಬೇಕು. ಒಲೆಯಿಂದ ಇಳಿಸಿ, ಕೈಬಿಡದೆ ತಿರುವುತ್ತ, ಗಂಟಾಗದಂತೆ ಇಸಬಗೋಲು ಉದುರಿಸಬೇಕು. ಹೆಪ್ಪುಗಟ್ಟುವ ಮೊದಲು ಎಂಟು ಹತ್ತು ದ್ರಾಕ್ಷಿಯನ್ನು ದಾರ ಕಟ್ಟಿ ಇಳಿಬಿಟ್ಟು ಸ್ಟೀಲಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿಡಬೇಕು. ಬೆಳಿಗ್ಗೆ ಎದ್ದು ನೋಡಿದರೆ ಅದು ಮನುಷ್ಯನ ಹೊಟ್ಟೆ. ನೋಡುವ ಕಣ್ಣಿಗಲ್ಲ, ಸೋನೋಗ್ರಫಿ ಮಷಿನ್ನಿಗೆ. ಡಾಕ್ಟರು ಹೊಟ್ಟೆಯ ಮೇಲೆ ಆಡಿಸುವ ಅದರ ಹಿಡಿಯನ್ನು ಮೇಲೆ ಒತ್ತಿದರೆ ಇಸಬಗೋಲಿನ ಹರಳು ಪರದೆಯಲ್ಲಿ ಥೇಟು ಪಿತ್ತಕೋಶದ ಪಕ್ಕದ ಮಾಂಸದಂತೆ, ದ್ರಾಕ್ಷಿ ನೀರು ತುಂಬಿದ ಗುಳ್ಳೆಯಂತೆ ಕಾಣುತ್ತಿತ್ತು.

"ಮಂದಿ ಹೊಟ್ಟಿ ತುಂಬ್ಸಾಕ ಅಡಗಿ ಮಾಡ್ತಾರ. ನಾ ನೋಡ್ರಿ, ಹೊಟ್ಟೀನ ಅಡಗಿ ಮಾಡ್ತೀನಿ," ಎನ್ನುತ್ತಿದ್ದಳು ಶುಭಾ. "ಪುಣ್ಯಕ್ಕ ಈ ಹೊಟ್ಟಿ ಭಾಳ ಶ್ಯಾಣ್ಯಾ ಅದ. ಹಸಿವಿ ಅನ್ನೂದಿಲ್ಲ, ನೋವು ಅನ್ನೂದಿಲ್ಲ. ಇಟ್ಟಲ್ಲೇ ಇರ್ತದ."

ಇಟ್ಟಲ್ಲೇ ಇರುತ್ತದೆ ಎಂಬ ಮಾತನ್ನು ಅವಳ ಗಂಡ ನರಹರಿ ಆಗ ನಕ್ಕು ಬಿಟ್ಟುಬಿಟ್ಟ.

ನರಹರಿ ಗದಗಿನ ಕಡೆಯವನು. ಓಝರದ ವಿಮಾನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ರೆಡಾರ್ ರಿಪೇರಿ ಮಾಡಿ, ಐವತ್ತೆರಡಕ್ಕೆ ಸ್ವಯಂ ನಿವೃತ್ತಿ ತೆಗೆದುಕೊಂಡು, ಇನ್ನು ಆರಾಮ ಎಂದುಕೊಂಡವನು. ಆರಾಮ ಎಂಬುದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಮನೆಯಲ್ಲಿ ಕುಳಿತ ಮೂರನೆಯ ತಿಂಗಳಿಗೆ ಸಾತಪುರದ ದೇವದಾಸ ಶೇಠ್ ಹುಡುಕಿಕೊಂಡು ಬಂದ. ಶೇಠನ ವರ್ಕ್‌ಶಾಪಿನಲ್ಲಿ ಸಣ್ಣ ಊರಿನ ಆಸ್ಪತ್ರೆಗಳ ಹಳೆಯ ಸೋನೋಗ್ರಫಿ ಮಷಿನ್ನುಗಳು ರಿಪೇರಿಯಾಗುತ್ತಿದ್ದವು. ಅವುಗಳ ಚಿತ್ರವೋ, ಕಪ್ಪು ಸೀರೆಯ ಮೇಲೆ ರವೆ ಚೆಲ್ಲಿದ ಹಾಗೆ. ಹೊಸ ಮಷಿನ್ ಕೊಳ್ಳುವ ಶಕ್ತಿ ಆ ಡಾಕ್ಟರುಗಳಿಗಿರಲಿಲ್ಲ. "ರೆಡಾರಿನಲ್ಲಿ ಮೋಡದ ಗದ್ದಲ ತೆಗೆದು ವಿಮಾನ ತೋರಿಸುತ್ತಿದ್ದೆಯಲ್ಲ, ಇಲ್ಲಿ ಈ ರವೆ ತೆಗೆದುಕೊಡು," ಎಂದ ಶೇಠ್.

ನರಹರಿ ತೆಗೆದುಕೊಟ್ಟ. ಒಂದೂವರೆ ವರ್ಷ ಒದ್ದಾಡಿ ಒಂದು ಡಬ್ಬಿ ಮಾಡಿದ. ಹಳೆಯ ಮಷಿನ್ನಿನಿಂದ ಬರುವ ಚಿತ್ರ ಡಬ್ಬಿಯೊಳಗೆ ಹೋಗಿ, ಸ್ವಚ್ಛವಾಗಿ, ಹೊಸ ಪರದೆಯ ಮೇಲೆ ಬರುತ್ತಿತ್ತು. ಗುಟ್ಟು ದೊಡ್ಡದೇನಲ್ಲ. ಒಂದರ ಹಿಂದೊಂದು ಬರುವ ಚಿತ್ರಗಳನ್ನು ಒಟ್ಟಿ, ಅವುಗಳ ಸರಾಸರಿಯನ್ನು ತೋರಿಸುವುದು. ಎಲ್ಲ ಚಿತ್ರದಲ್ಲೂ ಇರುವುದು ಗಟ್ಟಿಯಾಗಿ ಉಳಿಯುತ್ತದೆ, ಒಮ್ಮೆ ಇದ್ದು ಒಮ್ಮೆ ಇಲ್ಲದ್ದು ಅಳಿಸಿಹೋಗುತ್ತದೆ. ನಿಂತದ್ದು ನಿಜ, ಮಿಣುಕಿದ್ದು ಸುಳ್ಳು. ಇದು ರೆಡಾರಿನ ಮುಂದೆ ಕುಳಿತು ಅವನು ಕಲಿತ ಪಾಠ. ಶೇಠ್ ಡಬ್ಬಿಗೆ 'ನಿರ್ಮಲ' ಎಂದು ಹೆಸರಿಟ್ಟು ಮೇಲೆ ಕಮಲದ ಚಿತ್ರ ಅಂಟಿಸಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ, ಮುದಿ ಮಷಿನ್ನುಗಳೆಲ್ಲ ಹೊಸ ಪರದೆ ಮುಡಿದು ಕುಳಿತವು.

ಎಷ್ಟು ಚಿತ್ರ ಒಟ್ಟಬೇಕು ಎಂಬುದಕ್ಕೆ ಡಬ್ಬಿಯ ಮುಂದೆ ಒಂದು ತಿರುಪು ಇತ್ತು. ಸೊನ್ನೆಯಿಂದ ಎಂಟರ ತನಕ. ನರಹರಿಯ ಪ್ರಾಣ ಹಿಂಡಿದ್ದು ಅದೇ ತಿರುಪು. ಡಾಕ್ಟರುಗಳು ಸುಮ್ಮನೆ ಕೂರುವ ಜಾತಿಯಲ್ಲ. ಯಾರೋ ಎಂಟಕ್ಕೆ ತಿರುಗಿಸಿ ಚಿತ್ರ ಎಳೆದಂತೆ ಮಸುಕಾಗುತ್ತದೆ ಎನ್ನುವರು, ಯಾರೋ ಒಂದಕ್ಕೆ ತಿರುಗಿಸಿ ಮತ್ತೆ ರವೆ ಬಂತು ಎನ್ನುವರು. ಫೋನಿನಲ್ಲಿ ಹೇಳಿದರೆ ತಿಳಿಯದು. ಮಾಲೇಗಾಂವ್, ಸಿನ್ನರ್, ಯೇವಲಾ, ಎಲ್ಲಿಗೂ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಹೋಗಿ, ಆ ತಿರುಪನ್ನು ಆರಕ್ಕೆ ತಂದಿಟ್ಟು ಬರಬೇಕು. ಎರಡು ಬೆರಳಿನ ಕೆಲಸಕ್ಕೆ ಎಂಟು ಗಂಟೆಯ ಪ್ರಯಾಣ. ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಥ ಈ ಓಡಾಟ ಸಾಕುಸಾಕಾಗಿ, ದೀಪಾವಳಿಯ ಹೊತ್ತಿಗೆ ಮಾಡಿದ ಹೊಸ ಡಬ್ಬಿಗಳಲ್ಲಿ ಅವನು ತಿರುಪನ್ನು ಒಳಗೆ ಸೇರಿಸಿ, ಆರಕ್ಕೆ ನಿಲ್ಲಿಸಿ, ಮುಚ್ಚಳಕ್ಕೆ ನಾಲ್ಕು ಸ್ಕ್ರೂ ಜಡಿದುಬಿಟ್ಟ. ಇಸಬಗೋಲಿನ ಹೊಟ್ಟೆಯ ಮೇಲೆ ಆರು ಎಲ್ಲಕ್ಕಿಂತ ಚಂದ ಕಂಡಿತ್ತು. ತನ್ನ ಸ್ವಂತ ಹೊಟ್ಟೆಯ ಮೇಲೂ, ಉಸಿರು ಹಿಡಿದು, ನೋಡಿಕೊಂಡಿದ್ದ.

ಬಸುರಿಯರ ಮೇಲೆ ಮಾತ್ರ ನೋಡಿರಲಿಲ್ಲ. ನೋಡುವ ಹಾಗೂ ಇರಲಿಲ್ಲ. ಹುಟ್ಟುವುದು ಹೆಣ್ಣೋ ಗಂಡೋ ಎಂದು ಹೇಳುವ ಕಳ್ಳ ವ್ಯವಹಾರವನ್ನು ತಡೆಯಲು ಸರ್ಕಾರ ಕಾಯ್ದೆ ಬಿಗಿ ಮಾಡಿದ್ದ ಕಾಲ. ಮಷಿನ್ನಿಗೆ ಸೀಲು, ಪ್ರತಿ ಬಸುರಿಗೂ ಒಂದು ಫಾರ್ಮು. ಬಸುರಿ ಬಂದಳೆಂದರೆ ನರಹರಿ ಸ್ಕ್ರೂಡ್ರೈವರ್ ಕೆಳಗಿಟ್ಟು ಹೊರಗೆ ಬೆಂಚಿನ ಮೇಲೆ ಕುಳಿತುಬಿಡುತ್ತಿದ್ದ. ಕಾಯ್ದೆಯ ಭಯ ಒಂದಾದರೆ, ಪರಸ್ತ್ರೀಯ ಹೊಟ್ಟೆ ನೋಡಬಾರದು ಎಂಬ ಮರ್ಯಾದೆ ಇನ್ನೊಂದು. ಆ ಮರ್ಯಾದೆಯ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಮುಚ್ಚಳ ಜಡಿದ ಡಬ್ಬಿಗಳಲ್ಲಿ ಮೊದಲನೆಯದು ಪಿಂಪಳಗಾಂವ್ ಬಸವಂತದ ಡಾಕ್ಟರ್ ಯಶವಂತರ ಹೆರಿಗೆ ಆಸ್ಪತ್ರೆಗೆ ಹೋಯಿತು. ಎರಡನೆಯದನ್ನು ಹೊತ್ತು ಅವನು ಫೆಬ್ರುವರಿಯ ಒಂದು ಗುರುವಾರ ಔರಂಗಾಬಾದಿಗೆ ಹೋದ. ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ಆಗ, ಎರಡು ಸಾವಿರದ ಎಂಟರಲ್ಲಿ, ಬಸ್ಸಿನ ಹಣೆಯ ಮೇಲೆ ಔರಂಗಾಬಾದ್ ಎಂದೇ ಇತ್ತು. ಬೆಳಗಿನ ಐದರ ಬಸ್ಸು, ವೇರೂಳದ ಗುಹೆ ನೋಡಲು ಹೊರಟ ಶಾಲೆಯ ಮಕ್ಕಳ ಗಲಾಟೆ, ತೊಡೆಯ ಮೇಲೆ ಡಬ್ಬಿ, ಕಾಲ ಬಳಿ ಟಿಫಿನ್ ಕ್ಯಾರಿಯರಿನಲ್ಲಿ ಇಸಬಗೋಲಿನ ಹೊಟ್ಟೆ. ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಇಳಿಯುವಾಗ ಮೊಣಕಾಲು ಒಂದು ನಿಮಿಷ ಮಾತು ಕೇಳಲಿಲ್ಲ.

ಅಲ್ಲಿಯ ಆಸ್ಪತ್ರೆಯ ಡಾಕ್ಟರ್ ಮಾಲವಿಕಾ ಧಾರವಾಡದವರು, ಮದುವೆಯಾಗಿ ಆ ಊರು ಸೇರಿದವರು. ಇಪ್ಪತ್ತು ವರ್ಷದಿಂದ ಸೋನೋಗ್ರಫಿಯೇ ಅವರ ಕಸುಬು. ಕನ್ನಡದ ದನಿ ಕೇಳಿ ಖುಷಿಯಾಗಿ ಚಹಾ ತರಿಸಿದರು. ಆಸ್ಪತ್ರೆಯಲ್ಲಿ ದೊಡ್ಡ ಹೊಸ ಮಷಿನ್ ಒಂದಿತ್ತು. ಡಬ್ಬಿ ಹಚ್ಚಬೇಕಾದದ್ದು ಮೂಲೆಯಲ್ಲಿದ್ದ ಹಳೆಯದಕ್ಕೆ, ಪಿಂಪಳಗಾಂವಿನಲ್ಲಿದ್ದಂಥದ್ದೇ ಮಷಿನ್ನು. ಹಚ್ಚಿದ. ಇಸಬಗೋಲಿನ ಹೊಟ್ಟೆ ತೋರಿಸಿದ. ಆಮೇಲೆ ಪಿತ್ತದ ಕಲ್ಲಿನ ಒಬ್ಬ ಮುದುಕನನ್ನು ಮಲಗಿಸಿ ನೋಡಿದರು.

"ಭಾಳ ಛಲೋ ಬಂದದರೀ," ಎಂದರು ಮಾಲವಿಕಾ. "ಮಷಿನ್‌ಗೆ ಸ್ನಾನ ಮಾಡ್ಸಿದಂಗ ಆಗ್ಯದ."

ಮುಂದಿನವಳು ಬಸುರಿ. ನರಹರಿ ವಾಡಿಕೆಯಂತೆ ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತ, ಗೋಡೆಗೆ ತಲೆ ಆನಿಸಿದ, ಕಣ್ಣು ಮುಚ್ಚಿದ. ಜೀವನದಲ್ಲಿ ಇನ್ನೇನೂ ಬೇಡ, ಈ ಬೆಂಚು ಸಾಕು ಎನ್ನಿಸುವಷ್ಟು ದಣಿವಾಗಿತ್ತು. ಅರ್ಧ ತಾಸಿನ ಮೇಲೆ ಬಾಗಿಲು ತೆರೆಯಿತು.

"ನರಹರಿಯವರ, ಒಳಗ ಬರ್ರಿ."

"ಪೇಶಂಟ್ ಅದಾರಲ್ರೀ ಡಾಕ್ಟ್ರ."

"ಹೋಗ್ಯಾಳ. ಬರ್ರಿ ನೀವು." ದನಿಯಲ್ಲಿ ಚಹಾದ ಹೊತ್ತಿನ ಸಲಿಗೆ ಇರಲಿಲ್ಲ. "ಈಗ ಹೋದಾಕಿನ್ನ ನಾ ನಿನ್ನೀನೂ ನೋಡೀನಿ, ದೊಡ್ಡ ಮಷಿನ್‌ನ್ಯಾಗ. ಏಳು ವಾರ. ಕೂಸಿನ ಎದಿ ಬಡ್ಯಾಕತ್ತಿತ್ತು. ನಿಮ್ಮ ಡಬ್ಬಿ ಪರೀಕ್ಷಾ ಮಾಡ್ಬೇಕಂತ ಆಕೀನ್ನ ಇವತ್ತ ಮತ್ತ ಕರ್ಸಿದ್ದೆ. ನಿಮ್ಮ ಪರದೇದಾಗ ಬಡಿತನ ಇಲ್ಲ."

"ಅಂದ್ರ, ಕೂಸು ಹೋತೇನ್ರಿ?"

"ಕೂಸು ಹೋಗಿಲ್ರಿ. ಎದಿ ಧಸಕ್ಕಂತು ನಂಗ. ಮತ್ತ ದೊಡ್ಡ ಮಷಿನ್‌ಗೆ ಹಾಕಿ ನೋಡಿದೆ. ಆರಾಮ ಅದ. ನಿಮ್ಮ ಡಬ್ಬಿ ಅದರ ಎದಿ ಬಡಿತಾನ ಅಳಿಸಿ ಕುಂತದ. ಯಾಕ, ನೀವು ಹೇಳ್ರಿ."

ನರಹರಿಗೆ ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ಡಬ್ಬಿಯ ಮುಚ್ಚಳದ ನಾಲ್ಕು ಸ್ಕ್ರೂ ಕಣ್ಣಿಗೆ ಬಿದ್ದವು. "ಏಳು ವಾರದ ಕೂಸಿಂದು ನಿಮಿಷಕ್ಕ ಎಷ್ಟು ಬಡಿತ ಇರ್ತಾವ್ರೀ?" ಎಂದು ಕೇಳಿದ.

"ನೂರಾ ನಲವತ್ತು ಹಿಡೀರಿ."

ಜೇಬಿನಲ್ಲಿದ್ದ ಬಸ್ ಟಿಕೆಟಿನ ಹಿಂಭಾಗದಲ್ಲಿ ಲೆಕ್ಕ ಮಾಡಿದ. ಹಳೆಯ ಮಷಿನ್ ಸೆಕೆಂಡಿಗೆ ಹದಿನಾಲ್ಕು ಚಿತ್ರ ಕೊಡುತ್ತದೆ. ಆರು ಚಿತ್ರಕ್ಕೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ನೂರಾ ನಲವತ್ತರಲ್ಲಿ ಒಂದು ಬಡಿತಕ್ಕೂ ಅಷ್ಟೇ, ಅರ್ಧ ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಎರಡೂ ಸಂಖ್ಯೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಒಂದೇ. ಎದೆ ಹಿಗ್ಗಿದ್ದು, ಕುಗ್ಗಿದ್ದು, ಒಂದಿಡೀ ಬಡಿತ ಆ ಆರು ಚಿತ್ರಗಳೊಳಗೆ ಮಡಚಿಕೊಂಡು, ಸರಾಸರಿಯಾಗಿ, ಅಲುಗದ ಒಂದು ಬೂದು ಚುಕ್ಕೆಯಾಗುತ್ತದೆ. ಐದಾಗಿದ್ದರೆ ಅಷ್ಟಿಷ್ಟು ಮಿಣುಕುತ್ತಿತ್ತು, ಏಳಾಗಿದ್ದರೂ ಮಿಣುಕುತ್ತಿತ್ತು. ಚಂದ ಕಾಣುತ್ತದೆಂದು ಅವನು ಸ್ಕ್ರೂ ಜಡಿದು ಕೂಡಿಹಾಕಿದ್ದು ಆರನ್ನೇ.

"ಇದನ್ನ ಹೆಂಗ ಪರೀಕ್ಷಾ ಮಾಡಿದ್ರಿ ನೀವು?" ಎಂದರು ಮಾಲವಿಕಾ.

ನರಹರಿ ಟಿಫಿನ್ ಕ್ಯಾರಿಯರ್ ಕಡೆ ನೋಡಿದ. ಇಟ್ಟಲ್ಲೇ ಇತ್ತು.

"ಈ ಡಬ್ಬಿ ಇನ್ನೆಲ್ಲೆಲ್ಲಿ ಅದಾವು?"

"ಹಳೇವಕ್ಕ ತಿರುಪು ಹೊರಗ ಅದ, ಡಾಕ್ಟ್ರು ತಾವ ತಿರುಗಿಸಿ ನೋಡ್ತಾರ. ಮುಚ್ಚಳ ಜಡದದ್ದು ಇನ್ನೊಂದ ಅದರೀ. ಪಿಂಪಳಗಾಂವ್‌ದಾಗ. ಹೆರಿಗಿ ದವಾಖಾನಿ. ಎರಡು ತಿಂಗಳ ಮ್ಯಾಲಾತು."

ಮಾಲವಿಕಾ ಮೇಜಿನ ಮೇಲಿನ ಫೋನನ್ನು ಅವನ ಕಡೆ ಸರಿಸಿದರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಬಡಿತ ಇಲ್ಲಂತ ಬರದ್ರ ಮುಂದ ಏನ್ ಮಾಡ್ತಾರ, ಗೊತ್ತದ ಅಲ್ರೀ ನಿಮಗ? ಗರ್ಭಚೀಲ ತೊಳೀತಾರ. ಫೋನ್ ಹಚ್ಚರಿ. ಈಗಿಂದೀಗ ಹಚ್ಚರಿ."

ಹಚ್ಚಿದ. ನರ್ಸ್ ತೆಗೆದುಕೊಂಡಳು, ಡಾಕ್ಟರು ಹೆರಿಗೆಯಲ್ಲಿದ್ದಾರೆ ಎಂದಳು. ಡಬ್ಬಿ ಬಂದ್ ಮಾಡಿ, ನಾನು ಬರುವ ತನಕ ಯಾರ ಗರ್ಭವನ್ನೂ ತೊಳೆಯಬೇಡಿ ಎಂದು ಮರಾಠಿಯಲ್ಲಿ ಮೂರು ಸಲ ಹೇಳಿದ. ನರ್ಸಿಗೆ ಇವನಿಗೆ ತಲೆ ಕೆಟ್ಟಿದೆ ಎನ್ನಿಸಿರಬೇಕು. ಹಾಂ ಹಾಂ ಎಂದು ಇಟ್ಟುಬಿಟ್ಟಳು. ಅವನು ಓಡುವ ವಯಸ್ಸಿನವನಲ್ಲ, ಆದರೂ ಓಡಿದ. ನಾಸಿಕದ ಬಸ್ಸು ಹೊರಡುತ್ತಿತ್ತು. ಟಿಫಿನ್ ಕ್ಯಾರಿಯರ್ ಅಲ್ಲೇ ಮರೆತಿದ್ದ.

ಬಸ್ಸಿನಲ್ಲಿ ಮೊದಲು ಬಂದದ್ದು ದೇವದಾಸ ಶೇಠನ ಫೋನು. ವಿಷಯ ಕೇಳಿ ಶೇಠ್ ತಣ್ಣಗೆ, "ನರಹರಿ, ಹೋಗು, ಡಬ್ಬಿ ಕಳಚಿ ತಾ. ಕೇಳಿದವರಿಗೆ ವಾಯರ್ ಸಡಿಲಾಗಿತ್ತು ಅನ್ನು. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಬೇಡ. ನಿನಗೂ ಹೆಂಡತಿ ಇದ್ದಾಳೆ, ನನಗೂ ಇದ್ದಾಳೆ," ಎಂದ. ನರಹರಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಉಹೂಂ ಎನ್ನುವುದಕ್ಕೂ ಮೈಯಲ್ಲಿ ಸ್ವಲ್ಪ ಕಸು ಬೇಕಾಗುತ್ತದೆ.

ವೈಜಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿದ್ದಾಗ ಡಾಕ್ಟರ್ ಯಶವಂತರೇ ಫೋನ್ ಮಾಡಿದರು. ನಲವತ್ತರ ಆಸುಪಾಸಿನ, ನಗುಮುಖದ, ಕೈಗುಣ ಒಳ್ಳೆಯದೆಂದು ಸುತ್ತಲಿನ ಊರುಗಳಲ್ಲಿ ಹೆಸರಾದ ಮನುಷ್ಯ. "ಏನು ಸಾಹೇಬರೇ, ನಮ್ಮ ನರ್ಸನ್ನು ಹೆದರಿಸಿದ್ದೀರಿ?" ಎಂದು ನಗುತ್ತಲೇ ಶುರುಮಾಡಿದರು. ನರಹರಿ ಹೇಳಿದ. ಆ ಕಡೆಯ ನಗು ನಿಂತಿತು. ಕುರ್ಚಿ ಸರಿದ ಸದ್ದು, ರಿಜಿಸ್ಟರಿನ ಹಾಳೆ ತಿರುವಿದ ಸದ್ದು.

"ಒಂಬತ್ತು," ಎಂದರು ಡಾಕ್ಟರ್. "ಡಬ್ಬಿ ಬಂದ ಮೇಲೆ ಬಡಿತ ಇಲ್ಲವೆಂದು ಬರೆದದ್ದು ಒಂಬತ್ತು."

"ಮೊದಲು ಎಷ್ಟಿರುತ್ತಿತ್ತು, ಸಾಹೇಬರೇ?"

"ಎರಡು ತಿಂಗಳಿಗೆ ಮೂರು. ಹೆಚ್ಚೆಂದರೆ ನಾಲ್ಕು." ಉಸಿರು ಕೇಳಿಸುತ್ತಿತ್ತು. "ಈ ವರ್ಷ ಜಾಸ್ತಿಯಾಗಿದೆ ಎಂದು ನನಗೂ ಅನ್ನಿಸಿತ್ತು. ದ್ರಾಕ್ಷಿಗೆ ಹೊಡೆಯುವ ಔಷಧಿಯಿಂದ ಎಂದುಕೊಂಡೆ. ಸೊಸೆಯಂದಿರನ್ನು ತೋಟಕ್ಕೆ ಕಳಿಸಬೇಡಿ ಎಂದು ಊರೂರಿಗೆ ಹೇಳಿದೆ. ಪ್ರತಿಯೊಬ್ಬಳನ್ನೂ ಎರಡೆರಡು ಸಲ ನೋಡಿದೆ, ನರಹರಿಜೀ."

ಎರಡು ಸಲವೂ ಅದೇ ಪರದೆಯಲ್ಲಿ. ಬಡಿತವನ್ನು ಗೆರೆಯಾಗಿ ಬರೆದು ತೋರಿಸುವ ಭಾಗ ಆ ಮಷಿನ್ನಿನಲ್ಲಿ ಎಂದೋ ಕೆಟ್ಟುಹೋಗಿತ್ತು. ವಾರ ಬಿಟ್ಟು ಬಾ ಎಂದರೆ ಇಪ್ಪತ್ತು ಕಿಲೋಮೀಟರಿನಿಂದ ಜೀಪಿನಲ್ಲಿ ನೇತಾಡಿಕೊಂಡು ಬಂದವಳು ಮತ್ತೆ ಬರುವುದಿಲ್ಲ, ಹೊಲದಲ್ಲಿ ರಕ್ತ ಹರಿದು ಬಿದ್ದಿರುತ್ತಾಳೆ ಎಂಬ ಹೆದರಿಕೆ ಡಾಕ್ಟರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಜ್ವರ ಡಬ್ಬಿಗೆ, ಬರೆ ದ್ರಾಕ್ಷಿ ತೋಟಕ್ಕೆ.

"ಒಂಬತ್ತರಲ್ಲಿ?" ಎಂದ ನರಹರಿ.

"ಎಂಟು ಆಗಿಹೋಗಿವೆ. ಒಬ್ಬಳು ಉಳಿದಿದ್ದಾಳೆ. ಪ್ರಾಚಿ ಎಂದು. ಸೋಮವಾರ ನೋಡಿದ್ದೆ, ಮರುದಿನವೇ ಬಾ ಎಂದಿದ್ದೆ. ಅತ್ತೆ ಹಟ ಮಾಡಿದಳು. ಅಮಾವಾಸ್ಯೆ ಹತ್ತಿರ ಬಂದಿದೆ, ಅಮಾವಾಸ್ಯೆ ಕಳೆಯುವ ತನಕ ಇಂಥದ್ದಕ್ಕೆ ನನ್ನ ಸೊಸೆಯನ್ನು ಕಳಿಸುವುದಿಲ್ಲ ಎಂದು ಕರೆದುಕೊಂಡು ಹೋದಳು. ಹಳೆಯ ಕಾಲದ ಹೆಂಗಸು ಎಂದು ನಾನೇ ಬೈದಿದ್ದೆ. ಅಮಾವಾಸ್ಯೆ ಇವತ್ತು. ಅವರು ಬರುವುದು ನಾಳೆ ಬೆಳಿಗ್ಗೆ."

"ಇವತ್ತೇ ಕರೆಸಿ. ನಾನು ಬರುತ್ತಿದ್ದೇನೆ."

ವೈಜಾಪುರದಿಂದ ನಿಫಾಡದ ತನಕ ನರಹರಿ ಕಿಟಕಿಯ ಸರಳು ಹಿಡಿದು ಕುಳಿತಿದ್ದ. ಎಂಟರಲ್ಲಿ ಮೂರು ಕಳೆದರೆ ಐದು. ನಾಲ್ಕು ಕಳೆದರೆ ನಾಲ್ಕು. ಯಾವ ಐದು, ಯಾವ ನಾಲ್ಕು? ಸರಾಸರಿಗೆ ಹೆಸರು ಗೊತ್ತಿರುವುದಿಲ್ಲ. ಯಾರದು ನಿಜವಾಗಿ ನಿಂತಿತ್ತು, ಯಾರದನ್ನು ತಾನು ನಿಲ್ಲಿಸಿ ತೋರಿಸಿದೆ, ಇನ್ನು ಯಾವ ಮಷಿನ್ನೂ ಹೇಳಲಾರದು. ತಿರುಪನ್ನು ಒಳಗೆ ಹಾಕಿದ ದಿನ ನೆನಪಾಯಿತು. ಅಂದು ಸಿನ್ನರಿನಿಂದ ಬಂದು, ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ, "ನಾಳಿಂದ ಈ ಬಸ್ಸಿನ ಕಾಟ ತಪ್ತು ನೋಡು," ಎಂದು ಶುಭಾಳಿಗೆ ಹೇಳಿದ್ದ. ಕೆಟ್ಟವನಾಗಿ ಮಾಡಿದ್ದಲ್ಲ, ದಡ್ಡನಾಗಿಯೂ ಅಲ್ಲ. ದಣಿದು ಮಾಡಿದ್ದು. ದಣಿದವನ ತಪ್ಪಿಗೆ ಕ್ಷಮೆ ಇದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಅಳು ಬಂತು. ಪಕ್ಕದಲ್ಲಿ ಕುಳಿತ ಮುದುಕ ಏನೂ ಕೇಳದೆ ತನ್ನ ನೀರಿನ ಬಾಟಲಿ ಮುಂದೆ ಹಿಡಿದ.

ನಿಫಾಡದಲ್ಲಿ ಇಳಿದು, ಈರುಳ್ಳಿ ಹರಾಜು ಮುಗಿಸಿ ಮರಳುವವರು ಕಿಕ್ಕಿರಿದಿದ್ದ ಜೀಪಿನಲ್ಲಿ ಒಂದು ಕಾಲಿನ ಜಾಗ ಹಿಡಿದು ಪಿಂಪಳಗಾಂವ್ ಮುಟ್ಟಿದಾಗ ಸಂಜೆ ಆರು. ಶುಭಾಳ ಫೋನು ಬಂತು.

"ಎಲ್ಲಿದ್ದೀರಿ? ನಾಳಿಗೆ ಹೊಟ್ಟಿ ಮಾಡ್ಲೇನ್ರಿ? ದ್ರಾಕ್ಷಿ ತಂದೀನಿ."

"ಬ್ಯಾಡ," ಎಂದ. "ಇನ್ ಮ್ಯಾಲೆ ಬ್ಯಾಡ."

"ಯಾಕ್ರೀ, ದನಿ ಹಿಂಗ್ಯಾಕ ಆಗ್ಯದ? ಉಂಡೀರಿಲ್ಲ?"

"ಬಂದ್ ಮ್ಯಾಲೆ ಹೇಳ್ತೀನಿ, ಶುಭಾ." ಅವಳು ಇನ್ನೂ ಮಾತಾಡುತ್ತಿರುವಾಗಲೇ ಇಟ್ಟುಬಿಟ್ಟ.

ಆಸ್ಪತ್ರೆಯಲ್ಲಿ ಡಾಕ್ಟರ್ ಯಶವಂತರು ಬಾಗಿಲಲ್ಲೇ ನಿಂತಿದ್ದರು. ಒಂದೇ ಮಧ್ಯಾಹ್ನದಲ್ಲಿ ಮುಖ ಇಳಿದುಹೋಗಿತ್ತು. ನಮಸ್ಕಾರ ಚಮತ್ಕಾರ ಇಲ್ಲದೆ ಇಬ್ಬರೂ ಒಳಗೆ ಹೋದರು. ನರಹರಿ ಡಬ್ಬಿಯನ್ನು ಪಕ್ಕಕ್ಕಿಟ್ಟು ಮಷಿನ್ನಿನ ವಾಯರನ್ನು ನೇರವಾಗಿ ಪರದೆಗೇ ಸಿಕ್ಕಿಸಿದ. ಮತ್ತದೇ ಹಳೆಯ ರವೆ, ಕಪ್ಪಿನ ತುಂಬ ಗಿಜಿಗುಡುವ ಬಿಳಿ. ಒಂದೂವರೆ ವರ್ಷ ಹಗಲಿರುಳು ಹೋರಾಡಿದ್ದು ಇದರ ಜೊತೆಗೇ.

ಪ್ರಾಚಿ ಬಂದಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ, ಅತ್ತು ಅತ್ತು ಊದಿದ ಕಣ್ಣು. ಜೊತೆಗೆ ಅತ್ತೆ ಶಾಂತಾಬಾಯಿ, ಒಂಬತ್ತು ಗಜದ ನೌವಾರಿ ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ. ಅಮಾವಾಸ್ಯೆಯ ದಿನವೇ ಮನೆಯಿಂದ ಎಬ್ಬಿಸಿ ಕರೆಸಿದ್ದಕ್ಕೆ ಗೊಣಗುತ್ತಲೇ ಒಳಗೆ ಬಂದಳು. ನರಹರಿ ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತ. ಒಳಗೆ ಮಾತಿಲ್ಲ. ಗೋಡೆಯ ಗಡಿಯಾರದ ಮುಳ್ಳಿನ ಜೊತೆ ಅವನ ಮನಸ್ಸು ತಾನಾಗಿಯೇ ಎಣಿಸುತ್ತಿತ್ತು, ಸೆಕೆಂಡಿಗೆ ಹದಿನಾಲ್ಕು, ಸೆಕೆಂಡಿಗೆ ಹದಿನಾಲ್ಕು.

"ನರಹರಿಜೀ, ಒಳಗೆ ಬನ್ನಿ."

"ಇಲ್ಲ ಸಾಹೇಬರೇ, ನಾನು ಇಲ್ಲೇ..."

"ಬನ್ನಿ. ಅವಳನ್ನು ಕೇಳಿದ್ದೇನೆ, ಬರಲಿ ಎಂದಳು. ನೀವು ನೋಡಲೇಬೇಕು."

ತಲೆ ತಗ್ಗಿಸಿಕೊಂಡೇ ಒಳಗೆ ಹೋಗಿ, ಪರದೆಯನ್ನಷ್ಟೇ ನೋಡಿದ. ರವೆಯ ನಡುವೆ ಹುರುಳಿ ಬೀಜದ ಆಕಾರದ ಒಂದು ಕಪ್ಪು. ಅದರ ಅಂಚಿಗೆ ಅಂಟಿಕೊಂಡ ಬಿಳಿಯ ಸಣ್ಣ ತುಣುಕು. ಆ ತುಣುಕಿನೊಳಗೆ, ಅಕ್ಕಿಕಾಳಿಗಿಂತ ಚಿಕ್ಕದಾಗಿ, ಏನೋ ಮಿಣುಕುತ್ತಿತ್ತು. ಇತ್ತು, ಇರಲಿಲ್ಲ, ಇತ್ತು, ಇರಲಿಲ್ಲ. ಇಪ್ಪತ್ತೆಂಟು ವರ್ಷ ಅವನು ಸುಳ್ಳೆಂದು ಅಳಿಸುತ್ತ ಬಂದದ್ದು ಇಂಥದ್ದನ್ನೇ. ನರಹರಿ ಬಾಯಿಯ ಮೇಲೆ ಕೈಯಿಟ್ಟುಕೊಂಡ. ಅಷ್ಟು ಕೊಳಕು ಚಿತ್ರದಲ್ಲಿ ಅಷ್ಟು ಚಂದದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಇದೆ, ತಾಯಿ. ನೋಡು, ಇದೆ," ಎನ್ನುತ್ತಿದ್ದರು ಡಾಕ್ಟರ್. ಪ್ರಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು.

ನರಹರಿ ಹೊರಬಂದು ಬೆಂಚು ಸೇರಿದ. ಇನ್ನು ಡಬ್ಬಿ ಬಗಲಿಗೆ ಹಾಕಿಕೊಂಡು ಓಝರದ ಮೇಲಿಂದ ನಾಸಿಕದ ಬಸ್ಸು ಹಿಡಿದರೆ ಒಂದು ತಾಸಿನಲ್ಲಿ ಮನೆ. ಬಿಸಿನೀರು, ಎರಡು ರೊಟ್ಟಿ, ಹಾಸಿಗೆ. ಅಷ್ಟರಲ್ಲಿ ಶಾಂತಾಬಾಯಿ ಬಂದು ಅವನ ಪಕ್ಕದಲ್ಲೇ ಕುಳಿತು, ಸೊಂಟದ ಚೀಲದಿಂದ ಬೆಲ್ಲದ ತುಂಡು ತೆಗೆದು ಅವನ ಅಂಗೈಗೆ ಒತ್ತಿದಳು.

"ತಿನ್ನು, ದಾದಾ. ಎಲ್ಲಿಂದಲೋ ಓಡಿಬಂದೆಯಂತೆ. ವಾಯರ್ ಸಡಿಲಾಗಿತ್ತಂತೆ, ಡಾಕ್ಟರ್ ಹೇಳಿದರು. ನೀನು ದೇವರ ಹಾಗೆ ಬಂದೆ."

ಡಾಕ್ಟರೂ ಅದನ್ನೇ ಹೇಳಿದ್ದರು. ಶೇಠ್ ಅವರಿಗೂ ಫೋನ್ ಮಾಡಿರಬೇಕು. ನರಹರಿ ತಲೆಯಾಡಿಸಿದರೆ ಸಾಕಿತ್ತು. ಅರ್ಧ ಆಡಿಸಿಯೂ ಇದ್ದ.

"ನಾನು ಹಟ ಮಾಡಿದ್ದಕ್ಕೆ ಎಲ್ಲ ನಕ್ಕರು," ಎಂದಳು ಶಾಂತಾಬಾಯಿ. "ಅಮಾವಾಸ್ಯೆಯೇ ಕಾಪಾಡಿತು ನೋಡು. ನನ್ನ ತಂಗಿಯ ಸೊಸೆಗೂ ಹೀಗೇ ಹೇಳಿದ್ದರು, ಹೋದ ತಿಂಗಳು. ರುಚಿತಾ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು. ಪಾಪ, ಅವಳಿಗೆ ಅಮಾವಾ​ಸ್ಯೆ ಅಡ್ಡ ಬರಲಿಲ್ಲ. ಒಳ್ಳೆಯ ದಿನ ಇತ್ತು, ಗುರುವಾರ. ಅವತ್ತೇ ಮಾಡಿಸಿಕೊಂಡು ಹೋದಳು."

ಬೆಲ್ಲ ಅಂಗೈಯಲ್ಲಿ ಅಂಟತೊಡಗಿತ್ತು. ಒಳಗಿನ ಬಾಗಿಲಲ್ಲಿ ಡಾಕ್ಟರ್ ಯಶವಂತರು ನಿಂತಿದ್ದರು. ನರಹರಿಯನ್ನು ನೋಡಿ ಮೆಲ್ಲಗೆ ಬೇಡವೆಂದು ತಲೆಯಲ್ಲಾಡಿಸಿದರು.

"ವಾಯರ್ ಅಲ್ಲ, ಮಾವಶಿ," ಎಂದ ನರಹರಿ.

ಮರಾಠಿಯಲ್ಲಿ, ಇದ್ದಷ್ಟು ಸರಳವಾಗಿ, ಎಲ್ಲ ಹೇಳಿದ. ಡಬ್ಬಿ ತಾನೇ ಮಾಡಿದ್ದು. ಮಿಣುಕುವುದನ್ನೆಲ್ಲ ಅಳಿಸು ಎಂದು ಅದಕ್ಕೆ ಕಲಿಸಿದ್ದು ತಾನು. ತಿರುಪನ್ನು ಮುಚ್ಚಿಟ್ಟದ್ದು ತಾನು. ಡಾಕ್ಟರ ಕಣ್ಣಿನದೇನೂ ತಪ್ಪಿಲ್ಲ, ಅವರ ಕಣ್ಣಿಗೆ ಬಟ್ಟೆ ಕಟ್ಟಿದ್ದೇ ತಾನು. ಹೇಳುತ್ತ ಹೇಳುತ್ತ ಅವಳ ಮುಖ ನೋಡಲಾಗದೆ ತನ್ನ ಚಪ್ಪಲಿ ನೋಡುತ್ತಿದ್ದ.

ಶಾಂತಾಬಾಯಿ ಅವನ ಕಡೆ ತಿರುಗಿದಳು. "ಹಾಗಾದರೆ ರುಚಿತಾಳದೂ ಬಡಿಯುತ್ತಿತ್ತೇ?" ಎಂದಳು.

"ಗೊತ್ತಿಲ್ಲ, ಮಾವಶಿ. ಬಡಿಯುತ್ತಿದ್ದಿರಬಹುದು. ಇಲ್ಲದಿರಲೂಬಹುದು."

"ಈಗ ನೋಡಲು ಬರುತ್ತದೆಯೇ? ಹಳೆಯ ಫೋಟೋದಲ್ಲಿ?"

"ಇಲ್ಲ. ಇನ್ನು ಯಾವತ್ತೂ ಬರುವುದಿಲ್ಲ."

ಅವಳು ಹೊಡೆಯುತ್ತಾಳೆ ಎಂದುಕೊಂಡ. ಹೊಡೆದರೆ ಒಳ್ಳೆಯದು ಎಂದೂ ಅಂದುಕೊಂಡ. ಶಾಂತಾಬಾಯಿ ಅವನ ಮುಷ್ಟಿ ಬಿಡಿಸಿ, ಬೆಲ್ಲವನ್ನು ವಾಪಸು ತೆಗೆದುಕೊಂಡು, ಚೀಲಕ್ಕೆ ಹಾಕಿ ಬಾಯಿ ಬಿಗಿದಳು. ಎದ್ದು ನಿಂತಳು.

"ಅವಳು ತನ್ನನ್ನೇ ಬೈದುಕೊಳ್ಳುತ್ತಾಳೆ," ಎಂದಳು. "ನಾನು ದ್ರಾಕ್ಷಿ ತೋಟಕ್ಕೆ ಹೋದೆ, ನಾನೇ ಕೊಂದೆ ಎಂದು. ಗಂಡ ಮಾತು ಬಿಟ್ಟಿದ್ದಾನೆ. ಅತ್ತೆ, ನನ್ನ ತಂಗಿ, ದಿನಾ ಚುಚ್ಚುತ್ತಾಳೆ. ನನಗೆ ಹೇಳಿದೆಯಲ್ಲ, ಇದನ್ನೇ ನಾಳೆ ಆ ಮನೆಗೆ ಬಂದು ಹೇಳು. ಅವಳ ಗಂಡನ ಮುಂದೆ, ಅತ್ತೆಯ ಮುಂದೆ ಹೇಳು. ಬರುತ್ತೀಯಾ?"

ನರಹರಿಗೆ ಮೈಯೆಲ್ಲ ಸೀಸ ತುಂಬಿದಷ್ಟು ಭಾರವಾಗಿತ್ತು. "ಬರುತ್ತೇನೆ, ಮಾವಶಿ," ಎಂದ.

ಅವಳು ಸೊಸೆಯ ಕೈ ಹಿಡಿದು ಮೆಟ್ಟಿಲಿಳಿದು ಹೋದ ಮೇಲೆ ಡಾಕ್ಟರ್ ಯಶವಂತರು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತರು. ಕೈಯಲ್ಲಿ ರಿಜಿಸ್ಟರ್ ಇತ್ತು. ಇನ್ನೂ ಏಳು ಮನೆಗಳಲ್ಲಿ ಏಳು ಹೆಂಗಸರು ದ್ರಾಕ್ಷಿಯನ್ನೋ ತಮ್ಮನ್ನೋ ಬೈದುಕೊಳ್ಳುತ್ತಿರಬೇಕು ಎಂಬುದು ಇಬ್ಬರಿಗೂ ಹೊಳೆದಿತ್ತು. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಅದನ್ನು ತೆರೆದು, ಒಂದೊಂದೇ ಊರಿನ ಹೆಸರು ಓದತೊಡಗಿದರು. ನರಹರಿ ಜೇಬಿನಿಂದ ಅದೇ ಬಸ್ ಟಿಕೆಟ್ ತೆಗೆದು, ಲೆಕ್ಕದ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದುಕೊಂಡ. ರುಚಿತಾಳ ಊರಿಗೆ ಮೊದಲ ಬಸ್ಸು ಬೆಳಿಗ್ಗೆ ಆರೂವರೆಗೆ ಇತ್ತು.